ಹತ್ತದ ದೀಪ

ಹಳೆಯ ಕಾರುಗಳನ್ನು ಪರೀಕ್ಷಿಸುವುದರಲ್ಲಿ ನನ್ನ ಮೈದುನನಿಗೆ ನಮ್ಮ ಬಳಗದಲ್ಲಿ ದೊಡ್ಡ ಹೆಸರಿದೆ. ಹೊಟ್ಟೆಪಾಡಿಗೆ ಅವನು ವಿಮೆ ಮಾರುತ್ತಾನೆ. ಕಾರಿನ ವಿಷಯದಲ್ಲಿ ಅವನಿಗೆ ಗೊತ್ತಿರುವುದು ಒಂದೇ ಒಂದು ಸಂಗತಿ, ಆದರೆ ಅದನ್ನು ಪ್ರಯೋಗಿಸುವ ಠೀವಿ ನೋಡಿದವರು ಇವನು ಕಾರ್ಖಾನೆಯಲ್ಲೇ ಹುಟ್ಟಿದವನು ಅಂದುಕೊಳ್ಳಬೇಕು. ಮೊದಲು ಟೈರಿಗೆ ಒದೆಯುತ್ತಾನೆ. ಆಮೇಲೆ ಬಾನೆಟ್ ಎತ್ತಿಸಿ, ಒಳಗೆ ಇಣುಕಿ, "ಹೂಂ" ಎನ್ನುತ್ತಾನೆ. ಆ "ಹೂಂ" ಕೇಳಿದರೆ ಮಾರುವವರ ಮುಖ ಸಣ್ಣಗಾಗುತ್ತದೆ. ಕೊನೆಗೆ ಚಾಲಕನ ಸೀಟಿನಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಕೀಲಿಯನ್ನು ಅರ್ಧ ತಿರುಗಿಸುತ್ತಾನೆ. ಮುಂದಿನ ಫಲಕದಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿತೋ, ಕೆಳಗಿಳಿದು ಕೈ ಕೊಡವಿಕೊಂಡು ಹೊರಟೇಬಿಡುತ್ತಾನೆ. ಹತ್ತಲಿಲ್ಲವೋ, ಗಾಡಿ ಪಾಸು.

ಹೀಗೆ ಅವನು ಪಾಸು ಮಾಡಿದ ಕಪ್ಪು ಎಸ್‌ಯುವಿಯೊಂದು ನಮ್ಮ ಮನೆಯ ಮುಂದೆ ಬಂದು ನಿಂತಿತು. ಯಾರೋ ಶ್ರೀಮಂತರು ಕೆಲವು ವರ್ಷ ಓಡಿಸಿ ಬಿಟ್ಟ ಗಾಡಿ. ಸೀಟುಗಳಿಗೆ ತೊಗಲು, ಬಾಗಿಲು ಮುಚ್ಚಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಸದ್ದು. ಅದು ಬಂದ ದಿನದಿಂದ ಎದುರುಮನೆಯವರು ಅದಕ್ಕೆ ತಾಗದಂತೆ ತಮ್ಮ ಗೇಟನ್ನು ಒಂದೇ ಕಡೆಗೆ ತೆರೆಯುವುದನ್ನು ಕಲಿತರು. ನನ್ನ ಗಂಡನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿದೆ. ಮೊದಲು ನಡೆದೇ ಹೋಗುತ್ತಿದ್ದ ಮನುಷ್ಯ, ಈಗ ಅಷ್ಟೇ ದೂರವನ್ನು ಅದಕ್ಕಿಂತ ನಿಧಾನವಾಗಿ ಕಾರಿನಲ್ಲಿ ಹೋಗತೊಡಗಿದರು. ಗಿರಾಕಿಗಳಿಗೆ ಕಾಣುವಂತೆ ಕೀಲಿಯನ್ನು ಮೇಜಿನ ಮೇಲಿಟ್ಟು, ಲಾಂಛನವಿರುವ ಬದಿ ಮೇಲಾಗಿದೆಯೋ ಇಲ್ಲವೋ ಎಂದು ಆಗಾಗ ನೋಡಿಕೊಳ್ಳುತ್ತಿದ್ದರು.

ಇದೆಲ್ಲ ನಡೆದದ್ದು ಮಗಳ ಹೆಸರಿನಲ್ಲಿ. ಅವಳು ಪಶುವೈದ್ಯೆ. ಬೆಟ್ಟದಾಚೆಯ ದನದ ಆಸ್ಪತ್ರೆಯಲ್ಲಿ ಅವಳಿಗೆ ಮೊದಲ ಕೆಲಸ ಸಿಕ್ಕಿತ್ತು. ವಾರಕ್ಕೊಮ್ಮೆ ಬಂದು ಹೋಗಬೇಕು, ಅದೂ ಒಬ್ಬಳೇ. ಆ ಬೆಟ್ಟದ ರಸ್ತೆಯನ್ನು ನೆನೆದರೆ ನನ್ನ ಅಂಗೈ ಬೆವರುತ್ತದೆ: ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಹಿಂದೆ ಯಾವಾಗಲೂ ಒಂದು ಲಾರಿ.

"ಅದಕ್ಕೇ ಇಂಥ ಗಾಡಿ ತಂದಿರೋದು," ಎಂದರು ನನ್ನ ಗಂಡ. "ಲಾರಿ ಬಂದು ಗುದ್ದಿದ್ರೂ ನೋವಾಗೋದು ಲಾರಿಗೆ."

ನಾನು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಮುದ್ರಿಸಿದ್ದು ಏನು ಸಿಕ್ಕಿದರೂ ಓದುವುದು ನನ್ನ ಚಟ. ಕಾರಿನ ಮುಂದಿನ ಖಾನೆಯಲ್ಲಿ ಅದರ ಕೈಪಿಡಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಕೂತಿತ್ತು. ಹಿಂದಿನ ಮಾಲೀಕರು ತೊಗಲಿನ ಸೀಟಿನ ಸುಖವನ್ನು ಅನುಭವಿಸುವುದರಲ್ಲಿ ಮುಳುಗಿ ಇದನ್ನು ಮರೆತಿರಬೇಕು. ನಾನು ಬಿಚ್ಚಿ ಮೊದಲಿನಿಂದ ಓದಿದೆ. ಎಚ್ಚರಿಕೆಯ ದೀಪಗಳ ಅಧ್ಯಾಯದಲ್ಲಿ ಹೀಗಿತ್ತು: ಕೀಲಿಯನ್ನು ಅರ್ಧ ತಿರುಗಿಸಿದಾಗ ಎಲ್ಲ ದೀಪಗಳೂ ಹತ್ತಬೇಕು, ದೀಪಗಳು ಸರಿಯಿವೆ ಎಂದು ತೋರಿಸಲು ಗಾಡಿಯೇ ಮಾಡಿಕೊಳ್ಳುವ ಪರೀಕ್ಷೆ ಅದು. ಎಂಜಿನ್ ಚಾಲೂ ಆದ ಮೇಲೆ ಅವು ಆರುತ್ತವೆ. ಯಾವುದಾದರೂ ದೀಪ ಹತ್ತದೇ ಇದ್ದರೆ ತಕ್ಷಣ ತೋರಿಸಿ.

ನಾನು ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಆಮೇಲೆ ಹೋಗಿ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಕೆಂಪು, ಹಳದಿ, ಹಸಿರು ದೀಪಗಳು ಜಾತ್ರೆಯಂತೆ ಹತ್ತಿಕೊಂಡವು. ಎಂಜಿನ್ನಿನ ದೀಪ ಇರಬೇಕಾದ ಜಾಗದಲ್ಲಿ ಮಾತ್ರ ಕತ್ತಲೆ. ಬಿದ್ದ ಹಲ್ಲಿನ ಜಾಗದ ಹಾಗೆ, ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣದು.

"ರೀ, ಎಂಜಿನ್ ದೀಪ ಹತ್ತಲ್ಲ," ಎಂದೆ ಊಟಕ್ಕೆ ಕೂತಾಗ.

"ಒಳ್ಳೇದೇ ಆಯ್ತಲ್ಲ."

"ಹತ್ತಬೇಕಂತೆ. ಹತ್ತಿ ಆರಬೇಕಂತೆ."

ಅವರು ತುತ್ತನ್ನು ತಟ್ಟೆಗೆ ಇಳಿಸಿ ನನ್ನನ್ನು ನೋಡಿದರು. ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವ ಹೆಂಗಸನ್ನು ಕಟ್ಟಿಕೊಂಡವರ ನೋಟ ಅದು. "ಲೋಕದಲ್ಲಿ ಎಲ್ರೂ ದೀಪ ಹತ್ತಿತು ಅಂತ ಹೆದರ್ತಾರೆ. ನೀನು ಹತ್ತಲಿಲ್ಲ ಅಂತ ಹೆದರ್ತೀಯ. ನಿನ್ನನ್ನ ಸಮಾಧಾನ ಮಾಡೋಕೆ ಆ ಕಾರು ಇನ್ನೇನು ಮಾಡ್ಬೇಕು ಹೇಳು?"

ಅವತ್ತು ಮೈದುನನೂ ಊಟಕ್ಕೆ ಬಂದಿದ್ದ. ಅವನು ನಕ್ಕ ರಭಸಕ್ಕೆ ನೀರು ನೆತ್ತಿಗೇರಿತು. "ಅತ್ತಿಗೆ, ಇದಕ್ಕೆ ಮುಂಚೆ ಒಂದು ಬಿಳೀ ಗಾಡಿ ನೋಡಿದ್ವಿ. ಕೀ ತಿರುಗಿಸ್ತಿದ್ದಂಗೇ ಎಂಜಿನ್ ದೀಪ ಫಳ್ ಅಂತ ಹತ್ತಿತು. ನಾನು ಕೂತ ಸೀಟು ಬಿಸಿಯಾಗೋಕೆ ಮುಂಚೆ ಇಳಿದುಬಿಟ್ಟೆ. ಅದನ್ನ ತಂದಿದ್ರೆ ನಿಮಗೆ ಸಮಾಧಾನ ಆಗ್ತಿತ್ತೇನೋ!"

"ಅದು ಹತ್ತಿ ಆರ್ತಿತ್ತೋ ಏನೋ. ನೀನು ಕಾದು ನೋಡಿದ್ಯಾ?"

"ಕಾಯೋದೇನು ಅತ್ತಿಗೆ? ಕಳ್ಳನ್ನ ನೋಡಿದ ಮೇಲೆ, ಅವನು ವಾಪಸ್ ಹೋಗ್ತಾನಾ ಅಂತ ಕಾಯ್ತಾರಾ?"

ಇಬ್ಬರೂ ನಕ್ಕರು. ಮಗಳು ನಗಲಿಲ್ಲ. ನೀರು ಕುಡಿಯುತ್ತಾ, "ಚಿಕ್ಕಪ್ಪ, ನೀವು ಇಲ್ಲೀವರೆಗೂ ಪಾಸು ಮಾಡಿದ ಎಲ್ಲ ಗಾಡೀಲೂ ದೀಪ ಹತ್ತಲೇ ಇಲ್ವಾ?" ಎಂದು ಕೇಳಿದಳು.

"ಒಂದರಲ್ಲೂ ಇಲ್ಲ," ಎಂದ ಮೈದುನ ಹೆಮ್ಮೆಯಿಂದ.

ಮಗಳು ಕೆಲಸಕ್ಕೆ ಸೇರುವ ದಿನ ಹತ್ತಿರವಾಗುತ್ತಿತ್ತು. ನನಗೆ ಪ್ರೂಫಿನ ಹಾಳೆಗಳಲ್ಲೂ ಆ ಕಪ್ಪು ಚುಕ್ಕೆಯೇ ಕಾಣತೊಡಗಿತು. ಕೊನೆಗೆ, ತೊಳೆಸಿಕೊಂಡು ಬರುವ ನೆಪ ಹೇಳಿ, ಮಗಳ ಜೊತೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋದೆ. ಆಸ್ಪತ್ರೆಗಿಂತ ಚೊಕ್ಕಟವಾದ ಜಾಗ. ಗಾಜಿನ ಗೋಡೆ, ಮೆತ್ತನೆಯ ಸೋಫಾ, ಗುಂಡಿ ಒತ್ತಿದರೆ ಕಾಫಿ. ಟೈ ಕಟ್ಟಿದ ಸಲಹೆಗಾರನೊಬ್ಬ ಟ್ಯಾಬ್ಲೆಟ್ ಹಿಡಿದು ಬಂದ.

"ಕಂಪ್ಲೇಂಟ್ ಏನು ಮೇಡಂ?"

"ಎಂಜಿನ್ ದೀಪ."

"ಹತ್ತಿದೆ," ಎಂದು ಒತ್ತಲು ಹೊರಟ.

"ಹತ್ತಿಲ್ಲ."

ಅವನ ಬೆರಳು ಗಾಳಿಯಲ್ಲೇ ನಿಂತಿತು. ಟ್ಯಾಬ್ಲೆಟ್ಟನ್ನು ಮೇಲೆ ಜಾರಿಸಿದ, ಕೆಳಗೆ ಜಾರಿಸಿದ. "ಹತ್ತಿಲ್ಲ ಅನ್ನೋ ಕಂಪ್ಲೇಂಟ್ ಇದರಲ್ಲಿ ಇಲ್ಲ ಮೇಡಂ. 'ಸದ್ದು' ಅಂತ ಹಾಕ್ಲಾ?"

"ಸದ್ದಿಲ್ಲ."

"'ವಾಸನೆ'?"

"ಗಾಡಿಗೆ ಸ್ಕ್ಯಾನರ್ ಹಾಕಿ ನೋಡಿ ಸಾರ್, ಸಾಕು," ಎಂದಳು ಮಗಳು.

"ದೀಪ ಹತ್ತಿದ್ರೆ ಮಾತ್ರ ಸ್ಕ್ಯಾನ್ ಮಾಡೋದು ಮೇಡಂ. ಸುಮ್ಸುಮ್ನೆ ಮಾಡಿದ್ರೆ ಮೇಲಿನವರು ಕೇಳ್ತಾರೆ." ಅವನು ಟ್ಯಾಬ್ಲೆಟ್ಟನ್ನು ಕಂಕುಳಿಗೆ ಸೇರಿಸಿ, "ಒಂದು ಕೆಲಸ ಮಾಡಿ. ದೀಪ ಹತ್ತಿದ ತಕ್ಷಣ ಬನ್ನಿ," ಎಂದ. ಅವನ ದನಿಯಲ್ಲಿ ನಿಜವಾದ ಕಾಳಜಿ ಇತ್ತು.

ಗಾಡಿಯನ್ನು ತೊಳೆದು, ಒಳಗೆ ಸುಗಂಧ ಹೊಡೆದು ಕೊಟ್ಟರು. ವಾಪಸು ಬರುವಾಗ ಮಗಳು ಮೊಬೈಲಿನಲ್ಲಿ ಏನನ್ನೋ ಆರ್ಡರ್ ಮಾಡಿದಳು. "ಅಮ್ಮ, ನಮ್ಮ ಕಾಲೇಜಿನ ಆಸ್ಪತ್ರೆಗೆ ಸುಮ್ನೆ ನಿಂತ ಹಸು ತಂದು, ಕುಂಟ್ತಾ ಇಲ್ಲ, ಕೂಗ್ತಾ ಇಲ್ಲ, ಆದ್ರೆ ಏನೋ ಸರಿಯಿಲ್ಲ ಅಂತಿದ್ರು. ಕುಂಟೋಕೆ ಶುರು ಮಾಡಿದ ಮೇಲೆ ಬನ್ನಿ ಅಂತ ನಾವು ಕಳಿಸ್ತಿರಲಿಲ್ಲಪ್ಪ."

ಅವಳು ತರಿಸಿದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ. ಸ್ಟಿಯರಿಂಗಿನ ಕೆಳಗಿರುವ ಕಿಂಡಿಗೆ ಸಿಕ್ಕಿಸಿದರೆ, ಗಾಡಿಯ ಎಂಜಿನ್ ತನ್ನೊಳಗೆ ಏನು ಬರೆದಿಟ್ಟುಕೊಂಡಿದೆಯೋ ಅದನ್ನು ಮೊಬೈಲಿಗೆ ಹೇಳುತ್ತದೆ. ಅದನ್ನು ಕಂಡ ನನ್ನ ಗಂಡನಿಗೆ ಅವಮಾನವಾಯಿತು. ಹೆಂಡತಿಯ ಅನುಮಾನಕ್ಕೆ ಮಗಳು ಪುರಸ್ಕಾರ ಕೊಟ್ಟ ಹಾಗೆ.

"ಸರಿ, ಹಾಕು," ಎಂದರು. "ಎಲ್ರ ಎದುರಿಗೇ ಹಾಕು. ಆದರೆ ಒಂದು ಮಾತು. ಅದರಲ್ಲಿ ಏನೂ ಬರಲಿಲ್ಲ ಅಂದ್ರೆ ನಿಮ್ಮಮ್ಮ ಇನ್ನು ಈ ಗಾಡಿ ಸುದ್ದಿ ಎತ್ತಬಾರದು. ನೀನು ಸೋಮವಾರ ಆರಾಮಾಗಿ ಇದರಲ್ಲೇ ಹೊರಡ್ಬೇಕು. ಇವಳು ಬಾಗಿಲಲ್ಲಿ ನಿಂತು, ನಗ್ತಾ ಕೈ ಬೀಸ್ಬೇಕು."

"ಆಗಲಿ," ಎಂದೆ. ಏನೂ ಬರದಿದ್ದರೆ ನನ್ನ ಮಾತಿಗೆ ಮನೆಯಲ್ಲಿ ಉಳಿದಿದ್ದ ಚೂರುಪಾರು ಬೆಲೆಯೂ ಹೋಗುತ್ತದೆ. ನಾನು ನಗುತ್ತಾ ಕೈ ಬೀಸಿ ಮಗಳನ್ನು ಆ ಬೆಟ್ಟಕ್ಕೆ ಕಳಿಸಬೇಕು.

ಅವಳು ಹೊರಡಲು ಇನ್ನೊಂದು ವಾರವಿರುವಾಗ ಒಂದು ಸಂಜೆ ಗಾಡಿಯ ಸುತ್ತ ಎಲ್ಲರೂ ಸೇರಿದೆವು. ಮೈದುನ ಟೈರಿಗೆ ಅಭ್ಯಾಸಬಲದಿಂದ ಒಂದು ಒದೆ ಕೊಟ್ಟ. ಮಗಳು ಸಾಧನ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ, ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. ಮೊದಲ ಸಾಲು ಮೂಡಿತು. ಅವಳು ಗಟ್ಟಿಯಾಗಿ ಓದಿದಳು: "ಎಂಜಿನ್ ಎಚ್ಚರಿಕೆ ದೀಪ: ಹತ್ತಿದೆ."

ನನ್ನ ಗಂಡ ಬಗ್ಗಿ ಫಲಕವನ್ನು ನೋಡಿದರು. ಕನ್ನಡಕ ತೆಗೆದು ನೋಡಿದರು. ಒರೆಸಿ ಹಾಕಿಕೊಂಡು ನೋಡಿದರು. "ಎಲ್ಲಿ ಹತ್ತಿದೆ?"

"ಗಾಡಿ ಹತ್ತಿಸಿದೆ ಅಪ್ಪ. ನಮಗೆ ಕಾಣ್ತಿಲ್ಲ."

"ಮೊಬೈಲ್ ಸುಳ್ಳು ಹೇಳ್ತಿದೆ," ಎಂದ ಮೈದುನ. "ಅಗ್ಗದ ಮಾಲು."

ಮಗಳು ಮುಂದಿನದನ್ನು ಓದಿದಳು. ಎಂಜಿನ್ನಿನ ಎರಡು ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಇಂಧನದ ಒತ್ತಡ ಕಡಿಮೆಯಿದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತಾಗದು. ಏರಿನಲ್ಲಿ ಭಾರ ಬಿದ್ದಾಗ ಗಾಡಿ ಮುಗ್ಗರಿಸಿ ನಿಂತೂ ಬಿಡಬಹುದು. ನಾನು ಲಾರಿಯನ್ನು ನೆನೆದೆ. ಗೆದ್ದವಳ ಖುಷಿ ಬರಲಿಲ್ಲ. ಪಾಪ, ಆ ಗಾಡಿ ಇಷ್ಟು ದಿನವೂ ಬಾಯಿ ಬಡಿದುಕೊಂಡಿತ್ತು. ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು.

ಬಟ್ಟೆ ತುರುಕಿದವರನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ಮರುದಿನ ನಾವೆಲ್ಲ ಹೋದಾಗ ಹಳೆಯ ಕಾರುಗಳ ದಲ್ಲಾಳಿ ತನ್ನ ಅಂಗಳದಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ನನ್ನ ಗಂಡ ಕೂಗಾಡಿದರು. ಅವನು ಕೊನೆಯ ಉಗುರು ಮುಗಿಸಿ, ಶಾಂತವಾಗಿ, "ಹೌದು ಸಾರ್. ಫಲಕದ ಹಿಂದೆ ಒಂದು ಚೂರು ಕಪ್ಪು ಟೇಪ್ ಅಂಟಿಸಿದೀವಿ," ಎಂದ.

"ಅಂಟಿಸಿದೀವಿ ಅಂತ ನನ್ನ ಮುಖ ನೋಡ್ಕೊಂಡೇ ಹೇಳ್ತೀಯಲ್ಲ!"

"ಇನ್ನೇನು ಮಾಡ್ಲಿ ಸಾರ್? ನಿಮ್ಮ ತಮ್ಮನವರು ನೋಡೋಕೆ ಬರ್ತಾರೆ ಅಂದ್ರೆ ಅಂಟಿಸ್ಲೇಬೇಕು. ಕೀ ತಿರುಗಿಸಿದಾಗ ಒಳ್ಳೇ ಗಾಡೀಲೂ ದೀಪ ಹತ್ತತ್ತೆ. ಹತ್ತಿದ್ರೆ ಇವರು ಇಳಿದುಬಿಡ್ತಾರೆ. ವಿವರಿಸೋಣ ಅಂದ್ರೆ 'ಹೂಂ' ಅಂತಾರೆ. ಅದಕ್ಕೇ ಇವರು ಬರೋ ದಿನ ಅಂಗಳದಲ್ಲಿರೋ ಎಲ್ಲಾದಕ್ಕೂ ಟೇಪ್. ಒಳ್ಳೇದಕ್ಕೂ, ಕೆಟ್ಟದ್ದಕ್ಕೂ. ನಾವು ಭೇದ ಮಾಡಲ್ಲ."

"ಮತ್ತೆ ಆ ಬಿಳೀ ಗಾಡಿ?" ಎಂದು ನಾನು ಕೇಳಿದೆ.

ಅವನ ಮುಖದಲ್ಲಿ ಮೊದಲ ಬಾರಿಗೆ ಪಶ್ಚಾತ್ತಾಪ ಕಂಡಿತು. "ಅದು ಅಪರಂಜಿಯಂಥ ಗಾಡಿ ಮೇಡಂ. ಅವಸರದಲ್ಲಿ ಅದಕ್ಕೆ ಟೇಪ್ ಹಾಕೋದು ಮರೆತ್ವಿ."

ಎಲ್ಲರೂ ಮೈದುನನ ಕಡೆ ತಿರುಗಿದೆವು. ಅವನು ಬಹಳ ಹೊತ್ತು ಒಂದು ಟೈರನ್ನೇ ನೋಡುತ್ತಿದ್ದ, ಆದರೆ ಒದೆಯಲಿಲ್ಲ. ಆಮೇಲೆ ಅವನ ಮುಖ ನಿಧಾನವಾಗಿ ಅರಳಿತು. "ಅಂದ್ರೆ ಅಣ್ಣ, ನಾನು ಬರ್ತೀನಿ ಅಂದ್ರೆ ಇಡೀ ಅಂಗಳಾನೇ ತಯಾರಾಗತ್ತೆ ಅಂದಂಗಾಯ್ತು!"

ದಲ್ಲಾಳಿ ಗಾಡಿಯನ್ನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಟೇಪನ್ನು ಬೇಕಾದರೆ ಉಚಿತವಾಗಿ ತೆಗೆಸಿ ಕೊಡುತ್ತೇನೆಂದ. ತೆಗೆಸಿದೆವು. ಹಳದಿ ದೀಪ ಹೊಳೆಯಿತು, ಎಂಜಿನ್ ಚಾಲೂ ಆದ ಮೇಲೂ ಆರದೆ ಹೊಳೆಯುತ್ತಲೇ ಇತ್ತು. ಒಂದು ಗ್ಯಾರೇಜಿಗೆ ಒಯ್ದಾಗ, ಕಿಡಿ ಹಚ್ಚುವ ಪ್ಲಗ್ಗುಗಳು, ಅವುಗಳಿಗೆ ವಿದ್ಯುತ್ ಕೊಡುವ ಕಾಯಿಲ್‌ಗಳು, ಜೊತೆಗೆ ಇಂಧನದ ಪಂಪು, ಇಷ್ಟನ್ನೂ ಬದಲಾಯಿಸಬೇಕು ಎಂದರು. ಪ್ಲಗ್ಗು, ಕಾಯಿಲ್ ಹಾಕಿ ಎಂಜಿನ್ ಬರೆದಿಟ್ಟುಕೊಂಡಿದ್ದ ಹಳೆಯ ತಪ್ಪುಗಳನ್ನು ಅಳಿಸಿದ ಕೂಡಲೇ ದೀಪ ಆರಿತು. ಪಂಪು ಬೇರೆ ಊರಿನಿಂದ ಬರಬೇಕಿತ್ತು, ಮೇಲಾಗಿ ಅದು ದುಬಾರಿ.

"ದೀಪ ಆರಿತಲ್ಲ," ಎಂದರು ನನ್ನ ಗಂಡ. "ಪಂಪ್ ಯಾಕೆ? ಗ್ಯಾರೇಜಿನವರು ಹೇಳ್ತಾನೇ ಇರ್ತಾರೆ."

"ಇಂಥ ದೊಡ್ಡ ಕಂಪನಿ ಗಾಡಿಗಳಲ್ಲಿ ಪಂಪ್ ಹಾಳಾಗೋದೇ ಇಲ್ಲ," ಎಂದ ಮೈದುನ. ನಾಲ್ಕು ದಿನದ ಮಟ್ಟಿಗೆ ಅಡಗಿದ್ದ ಅವನ ವಿದ್ಯೆ ಮತ್ತೆ ಚಿಗುರಿತ್ತು.

ಅಷ್ಟರಲ್ಲಿ ಕನ್ನಡಕದ ಅಂಗಡಿಯಲ್ಲಿ ಈ ಕತೆ ಬೇರೆ ರೂಪ ತಾಳಿತ್ತು. ಗಿರಾಕಿಯ ಕಣ್ಣಿಗೆ ಗಾಜು ಹಿಡಿದು, "ಈಗ ಕಾಣ್ತಾ? ಈಗ?" ಎನ್ನುವುದರ ನಡುವೆ ನನ್ನ ಗಂಡ, ಫಲಕದ ಒಂದು ಮೂಲೆಯ ಕತ್ತಲೆಯನ್ನು ಕಂಡೇ ಮೋಸವನ್ನು ಹಿಡಿದ ತಮ್ಮ ಕಣ್ಣಿನ ಬಗ್ಗೆ ಹೇಳುತ್ತಿದ್ದರಂತೆ. ಪಕ್ಕದ ಅಂಗಡಿಯಾಕೆ ನನಗೆ ಅದನ್ನು ಮೆಚ್ಚುಗೆಯಿಂದ ತಿಳಿಸಿದಳು. ಕೀರ್ತಿ ಅವರೇ ಇಟ್ಟುಕೊಳ್ಳಲಿ, ಪಂಪು ಬದಲಾಯಿಸಿದರೆ ಸಾಕಿತ್ತು. ಅದನ್ನು ಎಷ್ಟು ಸಲ ಹೇಳಿದೆನೆಂದರೆ, ನಾನು ಬಾಯಿ ತೆರೆದರೆ ಅವರೇ "ಪಂಪು" ಎಂದು ಮುಗಿಸುತ್ತಿದ್ದರು.

ಮಗಳು ಹೊರಡುವ ಹಿಂದಿನ ದಿನ, "ಒಂದು ಸಲ ಬೆಟ್ಟ ಹತ್ತಿಸಿ ನೋಡಿಬಿಡೋಣ," ಎಂದಳು. ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಹಿಂದಿನ ತೊಗಲಿನ ಸೀಟಿನಲ್ಲಿ ಅಣ್ಣತಮ್ಮಂದಿರು ಮದುವೆಯ ದಿಬ್ಬಣಕ್ಕೆ ಹೊರಟವರಂತೆ ಕಾಲು ಚಾಚಿ ಕೂತರು. ಮೊದಲ ತಿರುವುಗಳನ್ನು ಗಾಡಿ ಬೆಣ್ಣೆಯಂತೆ ದಾಟಿತು.

"ನೋಡ್ದ್ಯಾ? ಪಂಪಂತೆ ಪಂಪು!" ಎಂದರು ನನ್ನ ಗಂಡ.

ಏರು ಕಡಿದಾಯಿತು. ಹಿಂದೆ ಮರಳಿನ ಲಾರಿಯೊಂದು ಬಂದು ಸೇರಿಕೊಂಡಿತು. ಗಾಡಿ ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ಹಳದಿ ದೀಪ ಹತ್ತಿತು, ಆಮೇಲೆ ಮಿಟುಕತೊಡಗಿತು. ಮಿಟುಕುವುದೆಂದರೆ ಏನೆಂದು ಕೈಪಿಡಿಯಲ್ಲಿತ್ತು: ಕೂಡಲೇ ನಿಲ್ಲಿಸಿ. ಆ ಪುಟದ ಎಡಗಡೆ, ಕೆಳಗಿನ ಸಾಲುಗಳು. ನನ್ನ ಬಾಯಿಗೆ ಅದು ಬಂದೇಬಿಟ್ಟಿತ್ತು. ನಾನು ತುಟಿ ಕಚ್ಚಿ ತಡೆದೆ. ನಾಳೆ ಈ ಸೀಟಿನಲ್ಲಿ ನಾನಿರುವುದಿಲ್ಲ, ಅವಳೇ ನಿರ್ಧರಿಸಬೇಕು.

"ನಿಲ್ಲಿಸ್ಬೇಡ, ಹಿಂದೆ ಲಾರಿ ಇದೆ," ಎಂದರು ನನ್ನ ಗಂಡ. "ಆಕ್ಸಿಲರೇಟರ್ ಒತ್ತು, ಮೇಲೆ ಹೋದ್ಮೇಲೆ ನೋಡೋಣ."

"ಮಿಟುಕ್ತಿದೆ ಅಂದ್ರೆ ಲೂಸ್ ಕನೆಕ್ಷನ್ನು," ಎಂದ ಮೈದುನ. "ಟೇಪ್ ತೆಗೆದಾಗ ಏನೋ ಅಲ್ಲಾಡಿಸಿದಾರೆ. ಅದು ಅಲ್ಲೇ ಇದ್ದಿದ್ರೆ ಈ ರಗಳೆಯೇ ಇರ್ತಿರಲಿಲ್ಲ."

"ಹೆದರ್ಬೇಡ ಪುಟ್ಟಿ, ಒತ್ತು!" ಎಂದರು ನನ್ನ ಗಂಡ.

ಮಗಳು ಕನ್ನಡಿಯಲ್ಲಿ ಲಾರಿಯನ್ನು ನೋಡಿದಳು, ಎಡಗಡೆಯ ಸೂಚಕ ಹಾಕಿದಳು. ಮುಂದಿನ ತಿರುವಿನಲ್ಲಿ ಬಂಡೆಯ ಕಡೆಗೆ ಸ್ವಲ್ಪ ಅಗಲ ಜಾಗವಿತ್ತು. ಗಾಡಿ ಉಸಿರು ಕಟ್ಟುವ ಮುಂಚೆಯೇ ಅದನ್ನು ಅಲ್ಲಿಗೆ ಒಯ್ದು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದಳು. ಲಾರಿ ಗಾಳಿ ಬೀಸಿ ದಾಟಿ ಹೋಯಿತು.

"ಇಳೀರಿ ಎಲ್ರೂ. ಬಂಡೆ ಕಡೆಯಿಂದ."

"ಅಲ್ಲ, ಇಷ್ಟಕ್ಕೆಲ್ಲ..."

"ಅಪ್ಪ, ಇಳೀರಿ."

ಹಟ ಮಾಡುವ ಎತ್ತುಗಳ ಎದುರು ಅವಳು ಇದೇ ದನಿ ಬಳಸುತ್ತಾಳೇನೋ. ಇಬ್ಬರೂ ಇಳಿದರು. ಅವಳು ಹಿಂದಿನಿಂದ ಕೆಂಪು ತ್ರಿಕೋನ ತೆಗೆದು, ತಿರುವಿಗೂ ಹಿಂದೆ ನಡೆದು ಹೋಗಿ ಇಟ್ಟು ಬಂದಳು. ಗಾಡಿ ಎಳೆದೊಯ್ಯುವವರಿಗೆ ಫೋನ್ ಮಾಡಿ, ಎಲ್ಲಿದ್ದೇವೆಂದು ಒಂದೇ ಉಸಿರಿಗೆ ಸರಿಯಾಗಿ ಹೇಳಿದಳು. ಅಷ್ಟೂ ಹೊತ್ತು ನಾನು ಬಂಡೆಗೆ ಬೆನ್ನು ಕೊಟ್ಟು ನಿಂತು ಅವಳನ್ನೇ ನೋಡುತ್ತಿದ್ದೆ. ಅಂಗೈ ಒಣಗಿತ್ತು.

"ಏನಮ್ಮ, ಸುಮ್ನೆ ನಿಂತಿದೀಯ? ಹುಷಾರಿದೀಯ ತಾನೇ?"

"ಹೂಂ. ನಾಳೆ ಹೇಗೆ ಹೋಗ್ತೀಯ?"

"ಬಸ್ಸಲ್ಲಿ. ಪಂಪ್ ಬರೋವರೆಗೂ ಬಸ್ಸೇ."

"ಬಸ್ಸಾ!" ನನ್ನ ಗಂಡನಿಗೆ ಲಾರಿ ಗುದ್ದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. "ಇಂಥ ಗಾಡಿ ಮನೆ ಮುಂದೆ ಇಟ್ಕೊಂಡು ಬಸ್ಸಲ್ಲಿ ಹೋಗಿ ಇಳಿದ್ರೆ, ಆಸ್ಪತ್ರೆಯವರು ಏನಂದ್ಕೊಳ್ತಾರೆ?"

"ಅಲ್ಲಿ ಬರೋದು ಎಮ್ಮೆಗಳು ಅಪ್ಪ. ಏನೂ ಅಂದ್ಕೊಳ್ಳಲ್ಲ."

ಅವಳು ಕೀಲಿಯನ್ನು ನನ್ನ ಕೈಗೆ ಕೊಟ್ಟು ಬೆರಳು ಮಡಿಸಿದಳು. "ಇದು ನಿನ್ನ ಹತ್ರ ಇರಲಿ. ಪಂಪ್ ಹಾಕಿಸಿದ ಮೇಲೆ ಗ್ಯಾರೇಜಿನವರ ಪಕ್ಕ ಕೂತು ಈ ಬೆಟ್ಟ ಪೂರ್ತಿ ಹತ್ತಿಸಿ ನೋಡು. ನೀನು ಸರಿಯಿದೆ ಅಂದ ಮೇಲೆ ನಾನು ಓಡಿಸ್ತೀನಿ. ಬೇರೆ ಯಾರು ಅಂದ್ರೂ ಇಲ್ಲ."

ಬಿಸಿಲು ಏರುತ್ತಿತ್ತು. ಮೈದುನ ಹೋಗಿಬರುವ ವಾಹನಗಳನ್ನು ನೋಡುತ್ತಾ, ಯಾವುದು ಎಷ್ಟು ದಿನ ಬಾಳುತ್ತದೆಂದು ತನ್ನಷ್ಟಕ್ಕೆ ತೀರ್ಪು ಕೊಡತೊಡಗಿದ. ನನ್ನ ಗಂಡ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು, ಗಾಡಿಗೆ ಒಂದು ಸುತ್ತು ಬಂದು, ನನ್ನ ಹತ್ತಿರ ನಿಂತರು.

"ಕೀ ಕೊಡು. ಅವರು ಬರೋವರೆಗೂ ಎಸಿ ಹಾಕ್ಕೊಂಡು ಒಳಗೆ ಕೂತಿರ್ತೀನಿ."

"ಎಂಜಿನ್ ಹಾಕೋ ಹಾಗಿಲ್ಲ," ಎಂದೆ.

ಅವರು ಕೈ ಚಾಚಿಯೇ ಇದ್ದರು. ನಾನು ಕೀಲಿಯನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಚೀಲವನ್ನು ಆ ಕಡೆಯ ಹೆಗಲಿಗೆ ಬದಲಾಯಿಸಿಕೊಂಡೆ. ಸ್ವಲ್ಪ ಹೊತ್ತಿನ ನಂತರ ಅವರೂ ಬಂದು ಬಂಡೆಗೆ ಬೆನ್ನು ಕೊಟ್ಟು ನಿಂತರು. "ಆ ಪಂಪು," ಎಂದರು ರಸ್ತೆಯ ಕಡೆ ನೋಡುತ್ತಾ, "ಎಷ್ಟು ದಿನಕ್ಕೆ ಬರತ್ತಂತೆ?"